ಹಸಿವಿನ ಲಗಾಮು ಮಿದುಳಿನ ಕೈಯಲ್ಲಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಗಾದೆ. ಮಿತವಾಗಿ ಉಣ್ಣುವುದು ಮನುಷ್ಯನ ವಿವೇಕಕ್ಕೆ ಬಿಟ್ಟ ವಿಷಯ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಈ ನಂಬಿಕೆಯ ಇನ್ನೊಂದು ಮುಖವೆಂದರೆ, ದಪ್ಪಗಿರುವವರನ್ನು ಕಂಡೊಡನೆ 'ಬಾಯಿ ಕಟ್ಟಲಾರದವರು' ಎಂದು ತೀರ್ಮಾನಿಸಿಬಿಡುವುದು. ಮದುವೆ ಮನೆಯ ಪಂಕ್ತಿಯಿಂದ ಹಿಡಿದು ವೈದ್ಯರ ಕೊಠಡಿಯವರೆಗೆ ಈ ಮಾತನ್ನು ಕೇಳಿಸಿಕೊಳ್ಳದ ಸ್ಥೂಲಕಾಯರು ವಿರಳ.

ಆದರೆ ಕಳೆದ ಎಂಟು ದಶಕಗಳ ಸಂಶೋಧನೆ ಬೇರೆಯದೇ ಚಿತ್ರವನ್ನು ಮುಂದಿಟ್ಟಿದೆ. ಎಷ್ಟು ಉಣ್ಣಬೇಕು, ಯಾವಾಗ ಕೈ ತೊಳೆಯಬೇಕು, ದೇಹದಲ್ಲಿ ಎಷ್ಟು ಕೊಬ್ಬನ್ನು ಕೂಡಿಡಬೇಕು ಎಂಬ ಲೆಕ್ಕಾಚಾರದ ಬಹುಪಾಲು ನಡೆಯುವುದು ಮನುಷ್ಯನ ಅರಿವಿಗೆ ಬಾರದಂತೆ, ಮಿದುಳಿನ ಆಳದಲ್ಲಿ. ಜಠರ, ಕರುಳು, ಮೇದೋಜ್ಜೀರಕ ಗ್ರಂಥಿ ಹಾಗೂ ಕೊಬ್ಬಿನ ಕೋಶಗಳು ಕಳುಹಿಸುವ ಸಂದೇಶಗಳನ್ನು ಮಿದುಳು ಹಗಲಿರುಳೂ ಓದುತ್ತಿರುತ್ತದೆ. ಈ ಸಂದೇಶಗಳಲ್ಲಿ ಆಗುವ ಏರುಪೇರೇ ಬೊಜ್ಜಿನ ಮೂಲದಲ್ಲಿರುವ ಮುಖ್ಯ ಕಾರಣಗಳಲ್ಲೊಂದು ಎಂಬುದನ್ನು ವಿಜ್ಞಾನಿಗಳು ಇಂದು ಒಪ್ಪುತ್ತಾರೆ.

ಭಾರತೀಯ ವಿಜ್ಞಾನಿಯ ಕೊಡುಗೆ

ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಗೆ ತುಸು ಮೇಲೆ, ಬಾದಾಮಿ ಗಾತ್ರದ ಒಂದು ಭಾಗವಿದೆ. ಅದರ ಹೆಸರು ಹೈಪೋಥಲಮಸ್. ದೇಹದ ಉಷ್ಣತೆ, ಬಾಯಾರಿಕೆ, ನಿದ್ರೆ, ಹಸಿವು ಇವೆಲ್ಲದರ ಮೇಲ್ವಿಚಾರಣೆ ಇದರದ್ದೇ.

1940ರಲ್ಲಿ ಅಮೆರಿಕದ ಆಲ್ಬರ್ಟ್ ಹೆದರಿಂಗ್ಟನ್ ಮತ್ತು ಸ್ಟೀಫನ್ ರ್‍ಯಾನ್ಸನ್ ಇಲಿಗಳ ಹೈಪೋಥಲಮಸ್‌ನ ಮಧ್ಯಭಾಗಕ್ಕೆ ವಿದ್ಯುತ್ ಹಾಯಿಸಿ ಸೂಕ್ಷ್ಮ ಗಾಯ ಮಾಡಿದರು. ಆ ಇಲಿಗಳು ವಿಪರೀತ ಕೊಬ್ಬಿದವು. ಇದರ ಪ್ರತಿರೂಪದಂತಿದ್ದ ಇನ್ನೊಂದು ಪ್ರಯೋಗ 1951ರಲ್ಲಿ ಪ್ರಕಟವಾಯಿತು. ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಅವರೊಡನೆ ದುಡಿಯುತ್ತಿದ್ದ ಭಾರತೀಯ ಶರೀರಶಾಸ್ತ್ರಜ್ಞ ಬಾಲ್ ಕ್ರಿಶನ್ ಆನಂದ್ ಅವರು ಹೈಪೋಥಲಮಸ್‌ನ ಪಕ್ಕದ ಭಾಗಗಳನ್ನು ಎರಡೂ ಕಡೆ ನಾಶಪಡಿಸಿದಾಗ ಇಲಿಗಳು ಆಹಾರವನ್ನೇ ಮುಟ್ಟದಾದವು. ಕಣ್ಣ ಮುಂದೆ ತಿನಿಸಿದ್ದರೂ ಅವು ಉಪವಾಸ ಬಿದ್ದವು. ಸ್ವದೇಶಕ್ಕೆ ಮರಳಿದ ಆನಂದ್, ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು.

ಒಂದು 'ತೃಪ್ತಿ ಕೇಂದ್ರ', ಇನ್ನೊಂದು 'ಹಸಿವಿನ ಕೇಂದ್ರ' ಎಂಬ ಸರಳ ವಿವರಣೆ ಹಲವು ವರ್ಷ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತ್ತು. ವಾಸ್ತವ ಇದಕ್ಕಿಂತ ಜಟಿಲ ಎಂಬುದು ನಂತರ ತಿಳಿದುಬಂದರೂ, ಹಸಿವಿನ ಕೀಲಿಕೈ ಹೊಟ್ಟೆಯಲ್ಲಿಲ್ಲ, ತಲೆಯಲ್ಲಿದೆ ಎಂಬುದು ಅಂದೇ ಖಚಿತವಾಯಿತು. ಉಳಿದ ಪ್ರಶ್ನೆ ಒಂದೇ: ದೇಹದಲ್ಲಿ ಎಷ್ಟು ಕೊಬ್ಬಿದೆ ಎಂಬುದು ಮಿದುಳಿಗೆ ತಿಳಿಯುವುದಾದರೂ ಹೇಗೆ?

ಜೋಡಿ ಇಲಿಗಳು ಹೇಳಿದ ಸತ್ಯ

ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ. ಅಲ್ಲಿ ಹುಟ್ಟಿನಿಂದಲೇ ಅತಿಯಾಗಿ ತಿಂದು ಕೊಬ್ಬುವ ಎರಡು ತಳಿಯ ಇಲಿಗಳಿದ್ದವು. 1950ರಲ್ಲಿ ವರದಿಯಾದ ತಳಿಗೆ 'ಓಬಿ' ಎಂದೂ, 1960ರ ದಶಕದಲ್ಲಿ ಕಂಡುಬಂದ ತಳಿಗೆ 'ಡಿಬಿ' ಎಂದೂ ಹೆಸರು. ಜೀವರಸಾಯನ ವಿಜ್ಞಾನಿ ಡಗ್ಲಸ್ ಕೋಲ್ಮನ್ ಇವುಗಳ ರಕ್ತಪರಿಚಲನೆಯನ್ನು ಶಸ್ತ್ರಕ್ರಿಯೆಯ ಮೂಲಕ ಒಂದಕ್ಕೊಂದು ಜೋಡಿಸಿ ನೋಡಿದರು.

ಫಲಿತಾಂಶ ಅಚ್ಚರಿ ಹುಟ್ಟಿಸುವಂತಿತ್ತು. ಡಿಬಿ ಇಲಿಯೊಡನೆ ಸಾಮಾನ್ಯ ಇಲಿಯನ್ನು ಜೋಡಿಸಿದರೆ ಸಾಮಾನ್ಯ ಇಲಿ ತಿನ್ನುವುದನ್ನು ನಿಲ್ಲಿಸಿ ಸತ್ತಿತು. ಓಬಿ ಇಲಿಯನ್ನು ಜೋಡಿಸಿದಾಗಲೂ ಸತ್ತದ್ದು ಓಬಿ ಇಲಿಯೇ. ಆದರೆ ಓಬಿ ಇಲಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ಅದು ಮಿತವಾಗಿ ತಿನ್ನತೊಡಗಿತು. ಇದರಿಂದ ಕೋಲ್ಮನ್ ಒಂದು ತೀರ್ಮಾನಕ್ಕೆ ಬಂದರು. ಹಸಿವನ್ನು ತಗ್ಗಿಸುವ ಯಾವುದೋ ಒಂದು ವಸ್ತು ರಕ್ತದಲ್ಲಿ ಹರಿಯುತ್ತದೆ. ಓಬಿ ಇಲಿಗೆ ಆ ವಸ್ತುವನ್ನು ತಯಾರಿಸುವ ಶಕ್ತಿಯಿಲ್ಲ. ಡಿಬಿ ಇಲಿಯಲ್ಲಿ ಅದು ಧಾರಾಳವಾಗಿದ್ದರೂ ಅದನ್ನು ಗ್ರಹಿಸುವ ಶಕ್ತಿಯಿಲ್ಲ.

ಆ ವಸ್ತುವನ್ನು ಹಿಡಿಯಲು ಮತ್ತೆ ಎರಡು ದಶಕ ಬೇಕಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರ ಡಿಸೆಂಬರ್‌ನಲ್ಲಿ ಓಬಿ ವಂಶವಾಹಿಯನ್ನು ಪತ್ತೆ ಮಾಡಿದ ಸುದ್ದಿಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ತಯಾರಿಸುವ ಹಾರ್ಮೋನಿಗೆ 'ತೆಳ್ಳಗೆ' ಎಂಬ ಅರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಎಂದು ಹೆಸರಿಡಲಾಯಿತು. ಅದನ್ನು ಸ್ರವಿಸುವುದು ಸ್ವತಃ ಕೊಬ್ಬಿನ ಕೋಶಗಳೇ. ಅಲ್ಲಿಯವರೆಗೆ ಬರಿಯ ಉಗ್ರಾಣವೆಂದು ತಿಳಿದಿದ್ದ ಕೊಬ್ಬು, ಮಿದುಳಿನೊಡನೆ ಮಾತನಾಡುವ ಅಂಗವೆಂಬುದು ಸಾಬೀತಾಯಿತು. ಮರುವರ್ಷವೇ ಲೆಪ್ಟಿನ್ ಗ್ರಾಹಕವೂ ಪತ್ತೆಯಾಗಿ, ಡಿಬಿ ಇಲಿಯ ದೋಷ ಅದರಲ್ಲಿರುವುದು ಖಚಿತಪಟ್ಟಿತು. 2010ರ ಲಾಸ್ಕರ್ ಪ್ರಶಸ್ತಿಯನ್ನು ಕೋಲ್ಮನ್ ಮತ್ತು ಫ್ರೀಡ್‌ಮನ್ ಹಂಚಿಕೊಂಡರು.

ಒಂಬತ್ತರ ಬಾಲೆ, 94 ಕಿಲೋ ತೂಕ

ಇಲಿಯ ಸತ್ಯ ಮನುಷ್ಯನಿಗೂ ಅನ್ವಯಿಸುತ್ತದೆಯೇ? 1997ರಲ್ಲಿ ಬ್ರಿಟನ್ನಿನ ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ, ಸದಾಫ್ ಫಾರೂಕಿ ಮತ್ತಿತರ ಸಂಶೋಧಕರು ಇದಕ್ಕೆ ಉತ್ತರ ನೀಡಿದರು. ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳ ದೇಹದಲ್ಲಿ ಲೆಪ್ಟಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ಎಂಟು ವರ್ಷದ ಬಾಲಕಿಯ ತೂಕ 86 ಕಿಲೋ. ಆಕೆಯ ಸೋದರ ಸಂಬಂಧಿಯಾದ ಎರಡು ವರ್ಷದ ಮಗುವಿನ ತೂಕ 29 ಕಿಲೋ. ಹುಟ್ಟಿದಾಗ ಇಬ್ಬರ ತೂಕವೂ ಸಾಮಾನ್ಯವಾಗಿಯೇ ಇತ್ತು. ಆದರೆ ಎಷ್ಟು ಉಣಿಸಿದರೂ ತೀರದ ಹಸಿವು ಶೈಶವದಿಂದಲೇ ಅವರನ್ನು ಕಾಡುತ್ತಿತ್ತು.

ಬಾಲಕಿಗೆ ಒಂಬತ್ತು ವರ್ಷವಾದಾಗ, 94.4 ಕಿಲೋ ತೂಗುತ್ತಿದ್ದ ಆಕೆಗೆ ಪ್ರತಿನಿತ್ಯ ಲೆಪ್ಟಿನ್ ಚುಚ್ಚುಮದ್ದು ನೀಡಲಾಯಿತು. ಹಸಿವು ಕೆಲವೇ ದಿನಗಳಲ್ಲಿ ಹದಕ್ಕೆ ಬಂತು. ಹನ್ನೆರಡು ತಿಂಗಳಲ್ಲಿ ಆಕೆಯ ತೂಕ 16.4 ಕಿಲೋ ಇಳಿಯಿತು. 1999ರಲ್ಲಿ ಪ್ರಕಟವಾದ ಈ ವರದಿ ವೈದ್ಯಲೋಕದ ಕಣ್ಣು ತೆರೆಸಿತು. ಮಗುವಿನ ಚಾಪಲ್ಯ ಅಥವಾ ತಾಯಿಯ ಅತಿ ಮುದ್ದು ಎಂದು ಯಾರಾದರೂ ದೂರಬಹುದಾಗಿದ್ದ ಆ ಹಸಿವಿಗೆ ಕಾರಣ, ಒಂದೇ ಒಂದು ವಂಶವಾಹಿಯಲ್ಲಿನ ಕಿರಿದಾದ ದೋಷವಾಗಿತ್ತು.

ಇಂತಹ ದೋಷ ಅತ್ಯಂತ ವಿರಳ. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಸೋದರಮಾವ, ಸೋದರತ್ತೆಯ ಮಗ ಎಂದು ಸಂಬಂಧ ಬೆಳೆಸುವ ರೂಢಿ ಇನ್ನೂ ಉಳಿದಿರುವ ಕರ್ನಾಟಕದಂತಹ ರಾಜ್ಯಗಳಲ್ಲಿ, ಮಗು ಹುಟ್ಟಿದ ಮೊದಲ ವರ್ಷಗಳಲ್ಲೇ ಅಸಹಜವಾಗಿ ದಪ್ಪಗಾಗತೊಡಗಿದರೆ ಗದರಿಸುವ ಬದಲು ಮಕ್ಕಳ ತಜ್ಞರ ಬಳಿಗೆ ಕರೆದೊಯ್ಯುವುದು ಲೇಸು.

ಧ್ವನಿಯಿದೆ, ಕಿವಿಯಿಲ್ಲ

ಲೆಪ್ಟಿನ್ ಪತ್ತೆಯಾದಾಗ ಬೊಜ್ಜಿಗೆ ರಾಮಬಾಣ ಸಿಕ್ಕಿತೆಂಬ ಭರವಸೆ ಮೂಡಿತ್ತು. ಆದರೆ ಆ ಭರವಸೆ ಬಹುಕಾಲ ಉಳಿಯಲಿಲ್ಲ. ಸ್ಥೂಲಕಾಯರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಬದಲಿಗೆ ಸಾಮಾನ್ಯರಿಗಿಂತ ಹೆಚ್ಚಿರುತ್ತದೆ ಎಂಬುದು 1996ರಲ್ಲಿ ಸ್ಪಷ್ಟವಾಯಿತು. ಹೆಚ್ಚುವರಿ ಲೆಪ್ಟಿನ್ ನೀಡಿದ ಪರೀಕ್ಷೆಗಳಲ್ಲೂ ಬಹುತೇಕರ ತೂಕದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಕೊಬ್ಬು 'ಸಾಕು' ಎಂದು ಕೂಗುತ್ತಿದೆ, ಮಿದುಳಿಗೆ ಮಾತ್ರ ಕೇಳಿಸುತ್ತಿಲ್ಲ. ಈ ಸ್ಥಿತಿಯನ್ನು ವಿಜ್ಞಾನಿಗಳು ಲೆಪ್ಟಿನ್ ಪ್ರತಿರೋಧ ಎಂದು ಕರೆಯುತ್ತಾರೆ.

ಲೆಪ್ಟಿನ್‌ನ ಮೂಲ ಉದ್ದೇಶವೇ ಬೇರೆ ಎಂಬ ವಿವರಣೆಗೆ ಈಗ ಹೆಚ್ಚಿನ ಮನ್ನಣೆಯಿದೆ. ಮಾನವ ಕುಲ ತನ್ನ ಚರಿತ್ರೆಯ ಬಹುಭಾಗವನ್ನು ಕಳೆದದ್ದು ಬರಗಾಲದ ಭಯದಲ್ಲಿ, ಸಮೃದ್ಧಿಯಲ್ಲಲ್ಲ. ಹಾಗಾಗಿ ಕೊಬ್ಬು ಕರಗಿ ಲೆಪ್ಟಿನ್ ಇಳಿದಾಗ ಮಿದುಳು ಅಪಾಯದ ಗಂಟೆ ಬಾರಿಸುತ್ತದೆ. ಕೊಬ್ಬು ಹೆಚ್ಚಿ ಲೆಪ್ಟಿನ್ ಏರಿದಾಗ ಅಷ್ಟೇ ತೀವ್ರವಾಗಿ ಸ್ಪಂದಿಸುವುದಿಲ್ಲ.

ಮಿದುಳಿನೊಳಗಿನ ತಕ್ಕಡಿ

ಲೆಪ್ಟಿನ್ ಸಂದೇಶ ತಲುಪುವ ಪ್ರಮುಖ ತಾಣ, ಹೈಪೋಥಲಮಸ್‌ನ ಆರ್ಕುಯೇಟ್ ಎಂಬ ನರಕೋಶಗಳ ಗುಚ್ಛ. ಇಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುವ ಎರಡು ಬಗೆಯ ನರಕೋಶಗಳಿವೆ. ಎಜಿಆರ್‌ಪಿ ಎಂಬ ಗುಂಪು ಹಸಿವನ್ನು ಕೆರಳಿಸಿದರೆ, ಪಿಓಎಂಸಿ ಎಂಬ ಗುಂಪು ಹಸಿವನ್ನು ತಣಿಸುತ್ತದೆ. ಲೆಪ್ಟಿನ್ ಮೊದಲನೆಯದನ್ನು ಹತ್ತಿಕ್ಕಿ ಎರಡನೆಯದನ್ನು ಹುರಿದುಂಬಿಸುತ್ತದೆ. ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್ ಕೂಡ ಇದೇ ಕೆಲಸಕ್ಕೆ ಕೈಜೋಡಿಸುತ್ತದೆ.

ಎರಡೂ ಗುಂಪುಗಳ ಸಂದೇಶ ಕೊನೆಗೆ ಸೇರುವುದು ಎಂಸಿ4ಆರ್ ಎಂಬ ಗ್ರಾಹಕವನ್ನು ಹೊತ್ತ ನರಕೋಶಗಳಿಗೆ. ಪಿಓಎಂಸಿ ಕೋಶಗಳು ಹೊರಸೂಸುವ ರಾಸಾಯನಿಕ ಈ ಗ್ರಾಹಕವನ್ನು ಚಾಲೂ ಮಾಡಿದರೆ ಊಟ ಸಾಕೆನಿಸುತ್ತದೆ. ಎಜಿಆರ್‌ಪಿ ಅದನ್ನು ತಡೆದರೆ ಇನ್ನೂ ಬೇಕೆನಿಸುತ್ತದೆ. ಎಂಸಿ4ಆರ್ ವಂಶವಾಹಿಯ ದೋಷ ಮನುಷ್ಯರಲ್ಲಿ ಬೊಜ್ಜು ತರುತ್ತದೆಂದು 1998ರಲ್ಲಿ ತಿಳಿಯಿತು. ಒಂದೇ ವಂಶವಾಹಿಯಿಂದ ಬರುವ ಬೊಜ್ಜುಗಳ ಪೈಕಿ ಇದೇ ಹೆಚ್ಚು ಸಾಮಾನ್ಯವಾದದ್ದು.

ಈ ನರಕೋಶಗಳ ಬಲ ಎಂತಹುದು ಎಂಬುದಕ್ಕೆ ಎರಡು ಪ್ರಯೋಗಗಳು ಸಾಕ್ಷಿ. 2005ರಲ್ಲಿ ವಯಸ್ಕ ಇಲಿಗಳ ಎಜಿಆರ್‌ಪಿ ಕೋಶಗಳನ್ನು ನಾಶಪಡಿಸಿದಾಗ ಅವು ತಿನ್ನುವುದನ್ನೇ ಬಿಟ್ಟವು. 2011ರಲ್ಲಿ ಇದೇ ಕೋಶಗಳನ್ನು ಬೆಳಕಿನ ಕಿರಣದಿಂದ ಪ್ರಚೋದಿಸಿದಾಗ ಹೊಟ್ಟೆ ತುಂಬಿದ್ದ ಇಲಿಗಳೂ ಕೆಲವೇ ನಿಮಿಷಗಳಲ್ಲಿ ಆಹಾರದ ಮೇಲೆ ಮುಗಿಬಿದ್ದವು.

ಸಾಮಾನ್ಯವಾಗಿ ಕಾಣುವ ಬೊಜ್ಜಿನಲ್ಲಿ ಮಾತ್ರ ಕಾರಣ ಒಂದೇ ವಂಶವಾಹಿಯಲ್ಲಿರುವುದಿಲ್ಲ. ಅಲ್ಪಸ್ವಲ್ಪ ಪ್ರಭಾವ ಬೀರುವ ನೂರಾರು ವಂಶವಾಹಿಗಳು ಒಟ್ಟುಗೂಡಿರುತ್ತವೆ. 2007ರಲ್ಲಿ ಗುರುತಿಸಲಾದ ಎಫ್‌ಟಿಓ ಭಾಗದ ಒಂದು ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಬಂದವರು ಉಳಿದವರಿಗಿಂತ ಸರಾಸರಿ ಮೂರು ಕಿಲೋ ಹೆಚ್ಚು ತೂಗುತ್ತಾರೆ. ಬೊಜ್ಜಿಗೆ ನಂಟು ಹೊಂದಿದ ವಂಶವಾಹಿಗಳಲ್ಲಿ ಹಲವು ಕೆಲಸ ಮಾಡುವುದು ಮಿದುಳಿನಲ್ಲೇ ಎಂಬುದು ಗಮನಾರ್ಹ.

ಹೊಟ್ಟೆಯಿಂದ ಬರುವ ಓಲೆಗಳು

ಲೆಪ್ಟಿನ್ ದೀರ್ಘಾವಧಿಯ ಲೆಕ್ಕ ಒಪ್ಪಿಸಿದರೆ, ಒಂದೊಂದು ಹೊತ್ತಿನ ಊಟದ ಲೆಕ್ಕ ಒಪ್ಪಿಸುವುದು ಜಠರ ಮತ್ತು ಕರುಳು. 1999ರಲ್ಲಿ ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಊಟದ ಹೊತ್ತು ಸಮೀಪಿಸಿದಂತೆ ರಕ್ತದಲ್ಲಿ ಗ್ರೆಲಿನ್ ಏರುತ್ತದೆ, ಉಂಡ ಬಳಿಕ ಇಳಿಯುತ್ತದೆ. ಇದು ನೇರವಾಗಿ ಎಜಿಆರ್‌ಪಿ ಕೋಶಗಳನ್ನು ಬಡಿದೆಬ್ಬಿಸುವ ಹಸಿವಿನ ದೂತ.

ತಡೆಯುವ ದೂತರು ಹಲವರಿದ್ದಾರೆ. ಆಹಾರದ ಕೊಬ್ಬು ಮತ್ತು ಪ್ರೋಟೀನು ಸಣ್ಣ ಕರುಳನ್ನು ತಲುಪುತ್ತಿದ್ದಂತೆ ಕೊಲೆಸಿಸ್ಟೊಕೈನಿನ್ ಸ್ರವಿಸುತ್ತದೆ. ಕರುಳಿನ ಕೆಳಭಾಗದಿಂದ ಜಿಎಲ್‌ಪಿ-1 ಹೊರಡುತ್ತದೆ. ಜಠರದ ಗೋಡೆ ಹಿಗ್ಗಿದ ಸುದ್ದಿಯನ್ನು ವೇಗಸ್ ಎಂಬ ನರ ಮಿದುಳುಕಾಂಡಕ್ಕೆ ಮುಟ್ಟಿಸುತ್ತದೆ. ಇವೆಲ್ಲ ಒಟ್ಟಾಗಿ ಕೆಲಸ ಮಾಡಲು ಒಂದಿಷ್ಟು ಸಮಯ ಹಿಡಿಯುತ್ತದೆ. ಗಬಗಬನೆ ಉಂಡವರಿಗೆ ಸಾಕೆನ್ನುವ ಸಂದೇಶ ತಲುಪುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ. ನಿಧಾನವಾಗಿ ಅಗಿದು ಉಣ್ಣಬೇಕೆಂಬ ಹಿರಿಯರ ಮಾತಿಗೆ ಇಲ್ಲಿ ಆಧಾರವಿದೆ.

ನಿದ್ದೆಗೂ ಇದಕ್ಕೂ ನಂಟಿದೆ. 2004ರಲ್ಲಿ ಷಿಕಾಗೋದಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ, ಸಾಕಷ್ಟು ನಿದ್ದೆ ಮಾಡಿದಾಗಿನ ಸ್ಥಿತಿಗಿಂತ ಅವರ ಲೆಪ್ಟಿನ್ ಶೇ. 18ರಷ್ಟು ತಗ್ಗಿ, ಗ್ರೆಲಿನ್ ಶೇ. 28ರಷ್ಟು ಏರಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುವ ನಗರವಾಸಿಗಳು ಗಮನಿಸಬೇಕಾದ ಸಂಗತಿಯಿದು.

ಹೊಟ್ಟೆ ತುಂಬಿದರೂ ಜಾಮೂನು ಬೇಕು

ಭರ್ಜರಿ ಊಟದ ನಂತರವೂ ಜಾಮೂನಿಗೆ ಜಾಗವಿರುವುದೇಕೆ? ಹಸಿವಿನ ಕೇಂದ್ರದ ಜೊತೆಗೆ ಮಿದುಳಿನಲ್ಲಿ ಸುಖದ ಜಾಲವೂ ಒಂದಿದೆ. ಅದರ ಪ್ರಮುಖ ರಾಸಾಯನಿಕ ಡೋಪಮೈನ್. ಸಕ್ಕರೆ, ಕೊಬ್ಬು, ಉಪ್ಪು ಹದವಾಗಿ ಬೆರೆತ ತಿನಿಸು ಕಂಡಾಗ, ಅದರ ವಾಸನೆ ಬಡಿದಾಗ, ಕೆಲವೊಮ್ಮೆ ಅದರ ಜಾಹೀರಾತು ನೋಡಿದಾಗಲೂ ಈ ಜಾಲ ಚುರುಕಾಗುತ್ತದೆ. ದೇಹಕ್ಕೆ ಶಕ್ತಿ ಬೇಕಿದೆಯೋ ಇಲ್ಲವೋ ಎಂಬ ಲೆಕ್ಕವನ್ನು ಇದು ಬದಿಗೊತ್ತಬಲ್ಲದು.

ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರದ ಪರಿಣಾಮವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಅಳೆದು ತೋರಿಸಿದರು. 20 ಮಂದಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಹಜ ಆಹಾರ ನೀಡಲಾಯಿತು. ಬಡಿಸಿದ ಊಟದಲ್ಲಿ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಎರಡರಲ್ಲೂ ಸರಿಸಮನಾಗಿತ್ತು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿತ ಆಹಾರ ಸೇವಿಸಿದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ತೂಕ ಸರಾಸರಿ 0.9 ಕಿಲೋ ಏರಿತು. ಅದೇ ಜನ, ಅದೇ ಮನೋಬಲ. ಬದಲಾದದ್ದು ತಟ್ಟೆಯಲ್ಲಿದ್ದ ಪದಾರ್ಥ ಮಾತ್ರ.

ಇಳಿದ ತೂಕ ಮರಳುವುದೇಕೆ?

ಪಥ್ಯ ಮಾಡಿ ಹತ್ತು ಕಿಲೋ ಇಳಿಸಿದವರು ಎರಡು ವರ್ಷದಲ್ಲಿ ಮತ್ತೆ ಮೊದಲಿನಂತಾಗುವುದು ಎಲ್ಲೆಡೆ ಕಾಣುವ ಕಥೆ. ಇದನ್ನು ಸೋಮಾರಿತನಕ್ಕೆ ಕಟ್ಟುವುದು ಸುಲಭ. ಆದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳುತ್ತದೆ. ಹತ್ತು ವಾರ ಕಠಿಣ ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಲೆಪ್ಟಿನ್ ಕುಸಿದಿತ್ತು, ಗ್ರೆಲಿನ್ ಏರಿತ್ತು, ಹಸಿವು ಹೆಚ್ಚಿತ್ತು. ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಹಿಂದಿನ ಮಟ್ಟಕ್ಕೆ ಮರಳಿರಲಿಲ್ಲ.

ದೇಹದ ಖರ್ಚೂ ತಗ್ಗುತ್ತದೆ. ಅಮೆರಿಕದ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂತು. ಅವರ ದೇಹ ವಿಶ್ರಾಂತಿಯಲ್ಲಿ ಬಳಸುವ ಶಕ್ತಿ, ಅವರ ಗಾತ್ರದವರಿಗೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. ಅಂದರೆ ತೂಕ ಇಳಿಸಿದವರು ಹೆಚ್ಚು ಹಸಿವು ಮತ್ತು ಕಡಿಮೆ ಖರ್ಚು ಎಂಬ ಎರಡು ಎದುರಾಳಿಗಳೊಡನೆ ಏಕಕಾಲಕ್ಕೆ ಸೆಣಸಬೇಕಾಗುತ್ತದೆ. ಮಿದುಳಿನ ದೃಷ್ಟಿಯಲ್ಲಿ ಪಥ್ಯವೂ ಬರಗಾಲವೂ ಒಂದೇ.

ಔಷಧ: ಸೋಲು, ಗೆಲುವು

ಹಸಿವಿನ ನರಮಾರ್ಗಗಳು ಮನಸ್ಸಿನ ಮಾರ್ಗಗಳೊಡನೆ ಹೆಣೆದುಕೊಂಡಿರುವುದರಿಂದ ಔಷಧ ರೂಪಿಸುವುದು ಸುಲಭವಲ್ಲ. 2006ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಬಂದ ರಿಮೋನಬಂಟ್ ಹಸಿವನ್ನೇನೋ ತಗ್ಗಿಸಿತು. ಆದರೆ ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗೆ ಎಡೆಮಾಡುವ ಕಳವಳದಿಂದ 2008ರಲ್ಲೇ ಅದರ ಮಾರಾಟ ಸ್ಥಗಿತಗೊಂಡಿತು.

ಗೆಲುವು ಬಂದದ್ದು ಕರುಳಿನ ದಾರಿಯಿಂದ. ದೇಹದ ಸಹಜ ಜಿಎಲ್‌ಪಿ-1 ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನೇ ಹೋಲುವ, ಆದರೆ ವಾರಗಟ್ಟಲೆ ಉಳಿಯುವ ಸೆಮಾಗ್ಲುಟೈಡ್ ಚುಚ್ಚುಮದ್ದು ಮಿದುಳುಕಾಂಡ ಮತ್ತು ಹೈಪೋಥಲಮಸ್‌ನ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದನ್ನು ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು, ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಶೇ. 2.4 ಮಾತ್ರ. ಎರಡು ಹಾರ್ಮೋನುಗಳನ್ನು ಅನುಕರಿಸುವ ಟಿರ್ಜೆಪಟೈಡ್ ಅದಕ್ಕಿಂತಲೂ ಹೆಚ್ಚು ಫಲ ನೀಡಿತು. ಇವೆರಡೂ 2025ರಲ್ಲಿ ತೂಕ ಇಳಿಸುವ ಮದ್ದಾಗಿ ಭಾರತದ ಮಾರುಕಟ್ಟೆಗೆ ಬಂದವು.

ಆದರೆ ಇವು ಮಾಯಾಮದ್ದಲ್ಲ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತೆಂದು ಅಧ್ಯಯನವೊಂದು ತೋರಿಸಿದೆ. ರಕ್ತದೊತ್ತಡದ ಮಾತ್ರೆಯಂತೆ ಇದೂ ದೀರ್ಘಕಾಲದ ಚಿಕಿತ್ಸೆ. ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವುದು ಅಪಾಯಕ್ಕೆ ಆಹ್ವಾನ.

ಭಾರತೀಯರಿಗೆ ಬೇರೆ ಅಳತೆ

ತಕ್ಕಡಿ ತೋರುವ ತೂಕವೊಂದನ್ನೇ ನೆಚ್ಚುವುದು ಭಾರತೀಯರಿಗೆ ಸಲ್ಲದು. ಒಂದೇ ತೂಕದ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ದೇಹದಲ್ಲಿ ಕೊಬ್ಬಿನ ಪಾಲು, ಅದರಲ್ಲೂ ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನಗಳು ಇದನ್ನು ಜಗತ್ತಿನ ಗಮನಕ್ಕೆ ತಂದವು. ಹಾಗಾಗಿ 2009ರ ಭಾರತೀಯ ತಜ್ಞರ ಒಮ್ಮತದ ಪ್ರಕಾರ ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಶೇ. 30ರಷ್ಟು ಮಂದಿ ಅಧಿಕ ತೂಕದವರೆಂದು ಕಂಡುಬಂದಿದೆ. ಈ ಸಮೀಕ್ಷೆ ಬಳಸಿದ್ದು 25ರ ಸಡಿಲ ಗಡಿಯನ್ನು ಎಂಬುದನ್ನು ಮರೆಯುವಂತಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ, ಬೊಜ್ಜಿಗೆ ಮಿದುಳೇ ಕಾರಣವಾದರೆ ಮನುಷ್ಯನ ಪ್ರಯತ್ನಕ್ಕೆ ಬೆಲೆಯಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಹಾಗೇನಿಲ್ಲ. ವಂಶವಾಹಿಗಳು ಕೆಲವೇ ದಶಕಗಳಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಆಹಾರ, ನಿದ್ರೆ ಮತ್ತು ದುಡಿಮೆಯ ರೀತಿ. ಮನೆಯಡುಗೆ, ನಾರು ಹಾಗೂ ಪ್ರೋಟೀನು ಹೆಚ್ಚಿರುವ ಊಟ, ಸಾಕಷ್ಟು ನಿದ್ದೆ, ನಿತ್ಯದ ನಡಿಗೆ ಇವು ಮಿದುಳಿನ ಸಂದೇಶ ವ್ಯವಸ್ಥೆಗೆ ಅನುಕೂಲವಾದವು. ಸಂಪೂರ್ಣ ತೆಳ್ಳಗಾಗದಿದ್ದರೂ ತೂಕದ ಶೇ. 5ರಿಂದ 10ರಷ್ಟು ಇಳಿಸಿದರೂ ಮಧುಮೇಹ, ರಕ್ತದೊತ್ತಡಗಳ ಹತೋಟಿಗೆ ನೆರವಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಇಂದಿಗೂ ಸುಳ್ಳಲ್ಲ. ಆದರೆ ಊಟ ಬಲ್ಲುದು ನಾಲಿಗೆ ಮತ್ತು ಮನಸ್ಸು ಮಾತ್ರವಲ್ಲ, ಬಾದಾಮಿ ಗಾತ್ರದ ಆ ಹೈಪೋಥಲಮಸ್ ಕೂಡ. ಅದರ ಲೆಕ್ಕ ತಪ್ಪಿದವರಿಗೆ ಬೇಕಿರುವುದು ಚಿಕಿತ್ಸೆ. ಪಂಕ್ತಿಯಲ್ಲಿ ಕೂತಾಗ ಕೇಳಿಬರುವ ಮೂದಲಿಕೆಯಲ್ಲ.